ಕಾರ್ಡು ನಮ್ಮದೇ, ನಂಬಿ ಸ್ವಾಮಿ!

ಕ್ರೆಡಿಟ್ ಕಾರ್ಡು ಕಳ್ಳರ ಪಾಲಾಗದಿರಲಿ ಅಂತ ಮಾಡಿರುವ ಬಂದೋಬಸ್ತು ಒಂದೆರಡಲ್ಲ. ಅದರಲ್ಲಿ ಕಳ್ಳ ಸಿಕ್ಕಿಬೀಳುತ್ತಾನೋ ಇಲ್ಲವೋ, ಕಾರ್ಡಿನ ಮೇಲೆ ಯಾರ ಹೆಸರಿದೆಯೋ ಅವರಂತೂ ಗ್ಯಾರಂಟಿ ಸಿಕ್ಕಿಬೀಳುತ್ತಾರೆ. ಇದು ನನಗೆ ಖಾತ್ರಿಯಾದದ್ದು ಶಿಕಾಗೋದಲ್ಲಿ.

ಹೊರಡುವ ಮುಂಚೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು. 2020ರ ಮಾರ್ಚ್ 16ರಿಂದ ರಿಸರ್ವ್ ಬ್ಯಾಂಕಿನ ನಿಯಮವೊಂದಿದೆ. ಹೊಸ ಕಾರ್ಡು ಕೈಗೆ ಬಂದಾಗ ಅದು ದೇಶದೊಳಗಿನ ಎಟಿಎಂನಲ್ಲಿ, ಅಂಗಡಿಯ ಮಷಿನ್ನಿನಲ್ಲಿ ಮಾತ್ರ ನಡೆಯುತ್ತದೆ. ವಿದೇಶ, ಆನ್‌ಲೈನ್, ಮಷಿನ್ನಿಗೆ ತಾಕಿಸುವ ಟ್ಯಾಪ್ ಬೇಕಿದ್ದರೆ ನಾವೇ ಕೇಳಿ ಶುರು ಮಾಡಿಸಬೇಕು. ನಮ್ಮವರು ಆ್ಯಪ್‌ನಲ್ಲಿ ಸ್ವಿಚ್ಚೂ ಹಾಕಿದರು, ಲಿಮಿಟ್ಟೂ ಏರಿಸಿದರು. ಬ್ಯಾಂಕಿಗೆ ಫೋನ್ ಮಾಡಿ ಪ್ರವಾಸದ ತಾರೀಖು ಬರೆಸಿದರು. ‘ಹ್ಯಾಪಿ ಜರ್ನಿ ಸಾರ್’ ಅಂತ ಆ ಕಡೆಯಿಂದ ಹಾರೈಕೆಯೂ ಬಂತು.

ಶಿಕಾಗೋದಲ್ಲಿ ಇಳಿದು, ಹೆಜ್ಜೇನು ಕಡಿದಂತಿದ್ದ ತಲೆನೋವಿಗೆ ಒಂದು ಕಾಫಿ ತಗೊಂಡೆ. ಕಾರ್ಡು ತೂರಿಸಿದೆ. ‘ಡಿಕ್ಲೈನ್ಡ್’. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ ಕಾಫಿ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. ಅಷ್ಟರಲ್ಲಿ ಮೆಸೇಜ್ ಬಂತು: ‘ನಿಮ್ಮ ಕಾರ್ಡಿನಲ್ಲಿ ಅನುಮಾನಾಸ್ಪದ ವ್ಯವಹಾರ ಕಂಡುಬಂದಿದೆ.’

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಜನ್ಮದಿನ ಹೇಳಿದ್ದಾಯಿತು, ವಿಳಾಸ ಹೇಳಿದ್ದಾಯಿತು.

‘ಕೊನೆಯದಾಗಿ ಯಾವ ವ್ಯವಹಾರ ಮಾಡಿದಿರಿ ಮೇಡಂ?’

‘ನೀವು ಮಾಡೋಕೆ ಬಿಡದ ಕಾಫಿಯದ್ದು.’

‘ಅದಕ್ಕೂ ಮುಂಚೆ?’

‘ಮೈಸೂರಲ್ಲಿ, ಪ್ರಯಾಣಕ್ಕೆ ಚಕ್ಲಿ, ಕೋಡುಬಳೆ.’

ಆತ ಸ್ವಲ್ಪ ಹೊತ್ತು ಸುಮ್ಮನಾದ. ಅವರ ಕಂಪ್ಯೂಟರು ನಾವು ಎಲ್ಲಿ, ಯಾವಾಗ, ಎಷ್ಟು ಖರ್ಚು ಮಾಡುತ್ತೇವೆ ಅಂತ ನೋಡುತ್ತಲೇ ಇರುತ್ತದಂತೆ. ರೂಢಿ ತಪ್ಪಿದರೆ ಅನುಮಾನ. ಅದೂ ಸರಿಯೇ ಅನ್ನಿ. ನಾನು ಒಂದು ಲೋಟ ಕಾಫಿಗೆ ಐದು ಡಾಲರ್ ಕೊಡುತ್ತೇನೆ ಅಂದರೆ ನಮ್ಮಮ್ಮನೂ ‘ಇವಳು ನನ್ನ ಮಗಳಲ್ಲ’ ಅನ್ನುತ್ತಿದ್ದಳು.

‘ಓಟಿಪಿ ಕಳಿಸಿದ್ದೀವಿ, ಹೇಳಿ ಮೇಡಂ’ ಅಂದ. ರೋಮಿಂಗ್‌ನಲ್ಲಿದ್ದ ನನ್ನ ಸಿಮ್ಮಿಗೆ ಓಟಿಪಿ ಬಂತು, ಅದರ ಆಯಸ್ಸು ಮುಗಿದ ಮೇಲೆ. ಮತ್ತೆ ಕಳಿಸಿದ, ಮತ್ತೆ ಅದೇ ಕಥೆ. ಕೊನೆಗೆ ಆತ ಬಹಳ ಮಮತೆಯಿಂದ, ‘ಚಿಂತೆ ಮಾಡಬೇಡಿ ಮೇಡಂ, ನಿಮ್ಮ ಸುರಕ್ಷತೆಗಾಗಿ ಈ ಕಾರ್ಡನ್ನು ಪರ್ಮನೆಂಟಾಗಿ ಬ್ಲಾಕ್ ಮಾಡಿದ್ದೀವಿ. ಹೊಸದು ನಿಮ್ಮ ಮೈಸೂರಿನ ಮನೆಗೆ ಬರುತ್ತೆ’ ಅಂದ. ಮೈಸೂರಿನ ಮನೆಗೆ ಬೀಗ. ನಾನು ಶಿಕಾಗೋದಲ್ಲಿ. ಕಾಫಿ ಕೌಂಟರಿನಾಚೆ.

ಅಲ್ಲಿಂದ ಮುಂದೆ ಎಲ್ಲ ನಮ್ಮವರ ಕಾರ್ಡಿನ ಮೇಲೆ. ಅದು ಬೇರೆ ಬ್ಯಾಂಕಿನದು, ಸದ್ಯ, ಅದಕ್ಕೆ ನಮ್ಮ ಮೇಲೆ ವಿಶ್ವಾಸವಿತ್ತು. ಆದರೆ ಪೆಟ್ರೋಲ್ ಬಂಕಿಗೆ ಇರಲಿಲ್ಲ. ತಂಗಿಯ ಮಗ ಕಾರಿನಲ್ಲಿ ಊರು ಸುತ್ತಿಸುತ್ತಿದ್ದ. ‘ಪೆಟ್ರೋಲ್ ನಾನೇ ಹಾಕಿಸ್ತೀನಿ’ ಅಂತ ಇವರು ಹಟ ಹಿಡಿದು ಇಳಿದರು. ಅಲ್ಲಿ ಪೈಪು ಹಿಡಿಯೋಕೆ ಹುಡುಗರಿಲ್ಲ, ಎಲ್ಲ ನಾವೇ. ಕಾರ್ಡು ಹಾಕಿದ ಕೂಡಲೇ ಪಂಪು ‘ಜಿಪ್ ಕೋಡ್ ಒತ್ತಿ’ ಅಂತು. ಕದ್ದ ಕಾರ್ಡು ತಂದವನಿಗೆ ಅದರ ಒಡೆಯನ ಊರಿನ ಜಿಪ್ ಕೋಡ್ ಗೊತ್ತಿರಲ್ಲ ಅನ್ನೋದು ಅವರ ಲೆಕ್ಕ. ಜಿಪ್ ಕೋಡು ಐದಂಕಿ. ನಮ್ಮ ಪಿನ್ ಕೋಡು ಆರಂಕಿ. ಇವರು 57ರಿಂದ ಶುರು ಮಾಡಿ ಐದಂಕಿ ಒತ್ತುವಷ್ಟರಲ್ಲಿ ಪಂಪು ‘ಸಾಕು’ ಅಂತು. ಆಮೇಲೆ ‘ಒಳಗೆ ಹೋಗಿ ಕ್ಯಾಷಿಯರ್‌ನ ನೋಡಿ’ ಅಂತು. ಮೈಸೂರನ್ನು ಅರ್ಧಕ್ಕೇ ನಿಲ್ಲಿಸಿದ್ದು ಇವರಿಗೆ ಬಹಳ ನೋವಾಯಿತು. ಒಳಗೆ ಹೋಗಿ ‘ನಾಲ್ಕನೇ ಪಂಪು, ನಲವತ್ತು ಡಾಲರ್’ ಅಂತ ಮೊದಲೇ ದುಡ್ಡು ಕಟ್ಟಿದ ಮೇಲೆ ಪೆಟ್ರೋಲ್ ಬಂತು.

ಇಷ್ಟೆಲ್ಲ ಅನುಮಾನಪಡುವ ಅದೇ ದೇಶದಲ್ಲಿ ಹೋಟೆಲಿನ ಕಥೆಯೇ ಬೇರೆ. ಊಟ ಮುಗಿಯಿತು. ಸರ್ವರ್ ಬಂದು ನಗುತ್ತಾ ಕಾರ್ಡು ಇಸ್ಕೊಂಡು ಒಳಗೆ ಹೋಗಿಯೇಬಿಟ್ಟ! ನಮ್ಮಲ್ಲಿ ಮಷಿನ್ನು ಮೇಜಿನ ಹತ್ತಿರ ಬರುತ್ತದೆ. ನಾವು ಒಂದು ಕೈಯಿಂದ ಮರೆ ಮಾಡಿ ಇನ್ನೊಂದರಿಂದ ಪಿನ್ ಒತ್ತುತ್ತೇವೆ, ಪಕ್ಕದಲ್ಲಿರುವ ಹೆಂಡತಿಗೂ ಕಾಣದ ಹಾಗೆ. ಇಲ್ಲಿ ಪಿನ್ನೂ ಇಲ್ಲ, ಗಿನ್ನೂ ಇಲ್ಲ. ಇವರು ಕತ್ತು ಉದ್ದ ಮಾಡಿ ಅಡುಗೆಮನೆ ಬಾಗಿಲನ್ನೇ ನೋಡುತ್ತಾ ಕೂತರು. ಕಾರ್ಡು ವಾಪಸ್ ಬಂತು, ಜೊತೆಗೆ ಒಂದು ಚೀಟಿ. ಟಿಪ್ಸ್ ಎಷ್ಟು ಅಂತ ನಾವೇ ಬರೆದು, ಕೂಡಿಸಿ, ಸಹಿ ಹಾಕಿ ಮೇಜಿನ ಮೇಲೆ ಬಿಟ್ಟು ಬರಬೇಕು. ಕಾರ್ಡ್ ಕಂಪನಿಗಳು 2018ರ ಏಪ್ರಿಲ್‌ನಲ್ಲೇ ಸಹಿ ಕಡ್ಡಾಯ ಅಲ್ಲ ಅಂದಿವೆ. ಆದರೂ ಹೋಟೆಲುಗಳು ಚೀಟಿ ಬಿಟ್ಟಿಲ್ಲ. ಇವರು ಕನ್ನಡದಲ್ಲೇ ಸಹಿ ಹಾಕಿದರು. ಯಾರೂ ತಾಳೆ ನೋಡಲಿಲ್ಲ. ಊಟದ ಹೊತ್ತಿಗೆ ಫೋನಿಗೆ ಬಂದ ಮೊತ್ತ ಒಂದು, ತಿಂಗಳ ಬಿಲ್ಲಿನಲ್ಲಿ ಬಂದದ್ದು ಇನ್ನೊಂದು. ನಡುವಿನ ವ್ಯತ್ಯಾಸವೇ ಟಿಪ್ಸು.

ಈ ಕಾರ್ಡಿನ ಚರಿತ್ರೆ ಓದುತ್ತಾ ಹೋದರೆ ನನಗೆ ಇಷ್ಟವಾಗುವುದು ಇಬ್ಬರು ಹೆಂಡತಿಯರು. 1960ರ ದಶಕದ ಶುರುವಿನಲ್ಲಿ ಐಬಿಎಂನ ಎಂಜಿನಿಯರ್ ಫಾರೆಸ್ಟ್ ಪ್ಯಾರಿ ಪ್ಲಾಸ್ಟಿಕ್ ಕಾರ್ಡಿಗೆ ಮ್ಯಾಗ್ನೆಟಿಕ್ ಟೇಪು ಅಂಟಿಸಲು ಒದ್ದಾಡುತ್ತಿದ್ದ. ಯಾವ ಗೋಂದೂ ಸರಿಹೋಗಲಿಲ್ಲ. ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಡೊರೊಥಿಯಾ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ನೋಡು ಅಂದಳಂತೆ. ಅಂಟಿಕೊಂಡಿತು. ಇನ್ನೊಬ್ಬಳು ಕ್ಯಾರೊಲಿನ್. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಶುರುವಾದ ನೋಟು ಕೊಡುವ ಯಂತ್ರದ ರೂವಾರಿ ಜಾನ್ ಶೆಫರ್ಡ್-ಬ್ಯಾರನ್. ನಮ್ಮ ಶಿಲ್ಲಾಂಗ್‌ನಲ್ಲಿ ಹುಟ್ಟಿದವನು. ಪಿನ್ ಆರಂಕಿ ಇರಲಿ ಅಂದುಕೊಂಡಿದ್ದನಂತೆ. ಅಡುಗೆಮನೆಯ ಮೇಜಿನ ಹತ್ತಿರ ಹೆಂಡತಿಯನ್ನು ಕೇಳಿದರೆ, ನಂಗೆ ನಾಲ್ಕೇ ಅಂಕಿ ನೆನಪಿರೋದು ಅಂದಳು. ನಾಲ್ಕೇ ಆಯಿತು. ಆತನೇ ಹೇಳಿಕೊಂಡ ಕಥೆ ಇದು. ನಮ್ಮವರ ಕೈಗೆ ಬಿಟ್ಟಿದ್ದರೆ ಹದಿನಾರಂಕಿ ಇಡುತ್ತಿದ್ದರು, ಆಮೇಲೆ ಅದನ್ನು ನನ್ನನ್ನೇ ಕೇಳುತ್ತಿದ್ದರು.

ಡೊರೊಥಿಯಾಳ ಆ ಮ್ಯಾಗ್ನೆಟಿಕ್ ಪಟ್ಟಿಗೆ ಒಂದು ದೋಷ. ಯಾರು ಕೇಳಿದರೂ ಒಂದೇ ಉತ್ತರ ಕೊಡುತ್ತದೆ. ಕೇಳಿಸಿಕೊಂಡವನು ನಕಲು ಮಾಡಬಹುದು. ಈಗಿನ ಚಿಪ್ಪು ಹಾಗಲ್ಲ, ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುತ್ತದೆ. ಕಳ್ಳನಿಗೆ ನಿನ್ನೆಯದು ಸಿಕ್ಕರೂ ಇವತ್ತಿಗೆ ಉಪಯೋಗವಿಲ್ಲ. ಓಟಿಪಿಗಿಂತ ನನಗೆ ಚಿಪ್ಪೇ ಹೆಚ್ಚು ಇಷ್ಟ. ಪಾಪ, ಅದು ನನ್ನನ್ನು ಏನೂ ಕೇಳುವುದಿಲ್ಲ.

ವಾಪಸ್ ಬರುವಾಗ ಲಂಡನ್‌ನಲ್ಲಿ ಇಳಿದಿದ್ದೆವು. ಅಂಗಡಿಯೊಂದರ ಮಷಿನ್ನು ‘ಪೌಂಡಿನಲ್ಲಿ ಕೊಡ್ತೀರೋ, ರೂಪಾಯಿಯಲ್ಲೋ’ ಅಂತ ಕೇಳಿತು. ಅಷ್ಟು ದಿನ ಆದ ಮೇಲೆ ರೂಪಾಯಿ ಚಿಹ್ನೆ ಕಂಡು ಇವರ ಕಣ್ಣು ತುಂಬಿ ಬಂತು. ಒತ್ತಿಯೇಬಿಟ್ಟರು. ಆ ರೂಪಾಯಿಯ ದರ ಆ ಮಷಿನ್ನಿನವರದು, ಅವರ ಲಾಭ ಸೇರಿಸಿದ್ದು. ಪೌಂಡು ಒತ್ತಿದ್ದರೂ ಪುಕ್ಕಟೆಯೇನಲ್ಲ. ನಮ್ಮ ಕಾರ್ಡಿಗೆ ವಿದೇಶದ ಖರ್ಚಿನ ಮೇಲೆ ಬ್ಯಾಂಕು ಹಾಕುವ ಮಾರ್ಕಪ್ ಶೇಕಡ 3.5, ಆ ಮಾರ್ಕಪ್ಪಿನ ಮೇಲೆ ಶೇಕಡ 18 ಜಿಎಸ್‌ಟಿ. ಹತ್ತು ಸಾವಿರ ಖರ್ಚು ಮಾಡಿದರೆ 413 ರೂಪಾಯಿ ಹೆಚ್ಚಿಗೆ. ಹಾಗಿದ್ದರೂ ಪೌಂಡೇ ವಾಸಿಯಾಗಿತ್ತು. ದೇಶಪ್ರೇಮಕ್ಕೆ ಬೆಲೆ ಜಾಸ್ತಿ ಅಲ್ವಾ ಅಂದೆ. ಇವರು ಮಾತಾಡಲಿಲ್ಲ.

ಮಾತಾಡಿದ್ದು ಏರ್‌ಪೋರ್ಟಿನಲ್ಲಿ. ಜೇಬಿನಲ್ಲಿರುವ ಟ್ಯಾಪ್ ಕಾರ್ಡನ್ನು ಕಳ್ಳರು ಮಷಿನ್ ಹಿಡಿದು ದೂರದಿಂದಲೇ ಓದಿಬಿಡುತ್ತಾರೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ನಿಜಕ್ಕೂ ಅದು ಓದುವುದು ನಾಲ್ಕು ಸೆಂಟಿಮೀಟರ್ ಆಸುಪಾಸಿನಲ್ಲಿ ಮಾತ್ರ. ಆದರೂ ಇವರು ನನಗೆ ಹೇಳದೆ ಒಂದು ಏರ್ಪಾಡು ಮಾಡಿಕೊಂಡಿದ್ದರು. ಸೆಕ್ಯೂರಿಟಿಯವರು ಇವರ ಕೈಚೀಲವನ್ನು ಎಕ್ಸ್‌ರೇಯಿಂದ ಪಕ್ಕಕ್ಕೆ ತಳ್ಳಿ, ‘ಸರ್, ಇದು ನಿಮ್ಮದಾ?’ ಅಂದರು. ತಳದಲ್ಲಿ ಕಾಲುಚೀಲ, ಅದರೊಳಗೆ ಬೆಳ್ಳಿಯ ಹಾಗೆ ಹೊಳೆಯುವ ಉಂಡೆ. ಅಲ್ಯೂಮಿನಿಯಂ ಫಾಯಿಲು! ಕೈಗವಸು ಹಾಕಿಕೊಂಡ ಆಫೀಸರ್ ಸುತ್ತು ಸುತ್ತಾಗಿ ಬಿಚ್ಚುತ್ತಾ ಹೋದ. ‘ಒಳಗೇನಿದೆ?’ ಅಂತ ಕೇಳಿದ. ‘ಸೆಕ್ಯೂರಿಟಿ’ ಅಂದರು ಇವರು. ಇನ್ನೊಬ್ಬ ಆಫೀಸರೂ ಬಂದ. ಕೊನೆಯ ಸುತ್ತು ಬಿಚ್ಚಿದಾಗ ಒಳಗಿಂದ ಬಂದದ್ದು, ಬ್ಯಾಂಕು ಎಂದೋ ಬ್ಲಾಕ್ ಮಾಡಿದ್ದ ನನ್ನ ಕಾರ್ಡು.