ವರ್ಣನೆಗೆ ಸಿಗದ ನಾಯಿ

ನಮ್ಮ ಬೆಲ್ಲನಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡು ಬಂದ ಸಂಜೆ ಅವನ ಲಸಿಕೆ ಪುಸ್ತಕವನ್ನು ತೆರೆದಾಗ, 'ತಳಿ' ಎಂಬ ಅಂಕಣದೆದುರು 'ಎನ್.ಡಿ.' ಎಂದು ಬರೆದಿರುವುದು ಕಣ್ಣಿಗೆ ಬಿತ್ತು. ಯಾವುದೋ ದುಬಾರಿ ವಿದೇಶಿ ತಳಿಯ ಹೆಸರಿರಬೇಕೆಂದು ಹತ್ತು ನಿಮಿಷ ಹಿಗ್ಗಿದೆ. ವಿಚಾರಿಸಲಾಗಿ, ಅದು 'ನಾನ್ ಡಿಸ್ಕ್ರಿಪ್ಟ್' ಎಂಬುದರ ಮೊಟಕು ರೂಪವೆಂದೂ, ಇಂಥದೇ ತಳಿಯೆಂದು ಹೇಳಲಾಗದ ನಾಟಿ ದನ, ನಾಡನಾಯಿಗಳಿಗೆಲ್ಲ ಪಶುವೈದ್ಯರು ಹಾಗೆ ಬರೆಯುವುದು ವಾಡಿಕೆಯೆಂದೂ ತಿಳಿಯಿತು. ಅಂದರೆ, ವರ್ಣಿಸುವಂಥದ್ದೇನೂ ಇಲ್ಲದ್ದು. ಮೂರು ವರ್ಷಗಳಿಂದ ಕಂಡವರಿಗೆಲ್ಲ ಈ ನಾಯಿಯನ್ನು ವರ್ಣಿಸುವುದನ್ನೇ ಉಪಕಸುಬು ಮಾಡಿಕೊಂಡಿರುವ ನನಗೆ ಇದು ಸ್ವಂತ ಅವಮಾನವೆನಿಸಿತು.

ಬೆಲ್ಲನ ಮೈಯೆಲ್ಲ ಕಪ್ಪು. ಕಣ್ಣುಗಳ ಮೇಲೆ ಮಾತ್ರ ಯಾರೋ ಹೆಬ್ಬೆರಳಿನಿಂದ ಒತ್ತಿಟ್ಟಂತೆ ಬೆಲ್ಲದ ಬಣ್ಣದ ಒಂದೊಂದು ಚುಕ್ಕೆಯಿದೆ. ಹೆಸರು ಬಂದದ್ದು ಅಲ್ಲಿಂದಲೇ. ಮಳೆಗಾಲದ ಒಂದು ರಾತ್ರಿ ಸ್ಕೂಟರಿನ ಕೆಳಗೆ ನಡುಗುತ್ತಿದ್ದ ಮರಿಯನ್ನು ಒಳಗೆ ತಂದಾಗ ಅಮ್ಮ ಆ ಚುಕ್ಕೆಗಳನ್ನು ನೋಡಿ, "ಇದು ನಾಲ್ಕು ಕಣ್ಣಿನ ನಾಯಿ ಕಣೋ, ಯಮನ ಮನೆ ಕಾಯೋದು. ಬೆಳಗಾಗುತ್ಲೂ ಕಳಿಸ್ಬಿಡು" ಎಂದಿದ್ದಳು. ಅಮ್ಮನ ಮಾತಿಗೆ ಆಧಾರವಿಲ್ಲದೆ ಇಲ್ಲ. ಋಗ್ವೇದದ 10ನೇ ಮಂಡಲದ 14ನೇ ಸೂಕ್ತದಲ್ಲಿ ಯಮನ ದಾರಿ ಕಾಯುವ, ಸರಮೆಯ ಮಕ್ಕಳಾದ ಎರಡು ನಾಯಿಗಳಿಗೂ ನಾಲ್ಕು ನಾಲ್ಕು ಕಣ್ಣುಗಳಿವೆ. ಆದರೆ ಆ ನಾಯಿಗಳು ಹುಬ್ಬೇರಿಸುತ್ತಿದ್ದವೇ ಎಂಬುದನ್ನು ಋಷಿಗಳು ಹೇಳಿಲ್ಲ. ಬೆಲ್ಲ ಏರಿಸುತ್ತಾನೆ. ಹುಬ್ಬಿನ ಒಳತುದಿಯನ್ನು ಮೇಲಕ್ಕೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆಯೆಂದೂ, ತೋಳಗಳಲ್ಲಿ ಅದು ಇಲ್ಲವೆನ್ನುವಷ್ಟೇ ಇದೆಯೆಂದೂ 2019ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಂಗಡಿಗರೂ ಬರೆದರು. ಮನುಷ್ಯನ ಸಹವಾಸಕ್ಕೆ ಬಿದ್ದ ಮೇಲೆ ನಾಯಿಗೆ ಒದಗಿದ ಸವಲತ್ತದು ಎಂದು ಅವರ ಊಹೆ. ನಮ್ಮವನ ವಿಷಯದಲ್ಲಿ ಆ ಸ್ನಾಯು ಅಲುಗುವ ಜಾಗದಲ್ಲೇ ಬೆಲ್ಲದ ಚುಕ್ಕೆಯೂ ಕೂತಿರುವುದರಿಂದ, ಅವನ ದುಃಖ ಮೂರು ಮನೆಯಾಚೆಗೂ ಕಾಣಿಸುತ್ತದೆ. ಅಮ್ಮ ಎರಡು ದಿನ ತಡೆದಳು. ಕಾವಲಿಯಿಂದ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲವೆಂಬುದು ಎಲ್ಲರ ಮನೆಯ ಅನುಭವ. ನಮ್ಮ ಮನೆಯಲ್ಲಿ ಈಗ ಮೊದಲ ಮೂರು ದೋಸೆಗಳು ಏಳುವುದಿಲ್ಲ.

ಕಿವಿಗಳ ಪೈಕಿ ಬಲಗಿವಿ ನೆಟ್ಟಗೆ ನಿಲ್ಲುತ್ತದೆ. ಎಡಗಿವಿಯಾದರೋ ಪುಸ್ತಕ ಓದುತ್ತಿದ್ದವರು ನಡುವೆ ಎದ್ದುಹೋಗುವಾಗ ಗುರುತಿಗೆಂದು ಮಡಚಿಟ್ಟ ಪುಟದ ಮೂಲೆಯಂತೆ ಅರ್ಧಕ್ಕೇ ಬಗ್ಗಿದೆ. ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ಟಿಗೆ ಕತ್ತರಿ ಹಾಕಿದ ಸದ್ದಿಗೆ ಮಾತ್ರ ಅದೂ ಎದ್ದು ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ದಾಖಲಿಸಿ ವೈದ್ಯರ ಮುಂದಿಡಬೇಕೆಂದು ನಾನು ಹೆಂಡತಿಯ ಹೊಲಿಗೆ ಟೇಪನ್ನು ತಂದು ಅಳೆಯಲು ಕೂತೆ. ಆ ಟೇಪು ಈಗ 11ನೇ ಅಂಗುಲದಿಂದ ಆರಂಭವಾಗುತ್ತದೆ. ಅದರಿಂದ ಅಳೆದು, ಹತ್ತು ಕಳೆದು, ಲೆಕ್ಕ ಹಾಕಿ ಹೊಲಿದ ರವಿಕೆ ಈವರೆಗೂ ಯಾರ ಮೈಗೂ ಹಿಡಿದಿಲ್ಲ.

ಇನ್ನು ಬಾಲ. ನಾಯಿ ಬಾಲ ಡೊಂಕು ಎಂಬ ಗಾದೆ ಬೆಲ್ಲನ ಮಟ್ಟಿಗೆ ತೀರ ಸಂಕೋಚದ ಮಾತು. ಅದು ಕೋಡುಬಳೆಯಂತೆ ಪೂರ್ತಿ ಒಂದು ಸುತ್ತು ಬಂದು ಬೆನ್ನ ಮೇಲೆ ಕೂತಿದೆ, ತುದಿ ಮಾತ್ರ ಸುಣ್ಣಕ್ಕೆ ಅದ್ದಿದಂತೆ ಬಿಳಿ. ಕಳೆದ ವೈಶಾಖದಲ್ಲಿ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದಿದ್ದರು. ಇನ್ನೂ ಹಂಚಬೇಕಿದ್ದ ಲಗ್ನಪತ್ರಿಕೆಗಳ ಕಟ್ಟನ್ನು ಟೀಪಾಯಿಯ ಮೇಲಿಟ್ಟಿದ್ದರು. ಪಕ್ಕದಲ್ಲಿ ನಾನು ಕಾಫಿ ಲೋಟವನ್ನಿಟ್ಟೆ. ಬೆಲ್ಲ ನನ್ನ ಮುಖ ನೋಡಿ ಬಾಲವಾಡಿಸಿದ. ಯಜಮಾನನನ್ನು ಕಂಡಾಗ ನಾಯಿಯ ಬಾಲ ಎಡಕ್ಕಿಂತ ಬಲಕ್ಕೆ ಹೆಚ್ಚು ಹೊರಳುತ್ತದೆ ಎಂದು ಇಟಲಿಯ ಸಂಶೋಧಕರು 2007ರಲ್ಲೇ ಪ್ರಕಟಿಸಿದ್ದರು, ಆದರೆ ನಾನು ಅದನ್ನು ಓದಿದ್ದು ಮದುವೆಯೆಲ್ಲ ಮುಗಿದ ಮೇಲೆ. ಲೋಟವಿದ್ದದ್ದು ಬಲಗಡೆಗೇ. ಪತ್ರಿಕೆಗಳ ಮೇಲೆ ಕಾಫಿ ಹರಿದು ವಧುವಿನ ಹೆಸರಿನವರೆಗೂ ಹೋದಾಗ, ಬೆಲ್ಲ ತನ್ನ ಬಾಲವನ್ನು ಬೇರೆ ಯಾರದ್ದೋ ಎಂಬಂತೆ ಹೊರಳಿ ನೋಡಿದ, ಆಮೇಲೆ ನೆಂಟರತ್ತ ತಿರುಗಿ ಎರಡೂ ಚುಕ್ಕೆಗಳನ್ನು ಏರಿಸಿದ. "ಪಾಪ, ಮೂಕಪ್ರಾಣಿ, ಅದಕ್ಕೇನು ಗೊತ್ತಾಗುತ್ತೆ" ಎಂದರು ಅವರು. ಅಮ್ಮ ಮಾತ್ರ ನನ್ನತ್ತ ತಿರುಗಿ, "ನಿನಗಾದ್ರೂ ಬುದ್ಧಿ ಬೇಡ್ವೇನೋ, ಲೋಟ ಅಲ್ಲಿಡೋದಾ?" ಎಂದಳು.

ಈ ವರ್ಷದ ಚುಚ್ಚುಮದ್ದಿಗೆ ಹೋಗುವಾಗ ಇದನ್ನೆಲ್ಲ ಎರಡು ಹಾಳೆಗಳಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡು ಹೋದೆ. ನಾಯಿಯ ಬೆವರು ಇರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಹೆದರಿ ನಿಂತಿದ್ದ ಬೆಲ್ಲನ ಕೆಳಗೆ ಸ್ಟೀಲಿನ ಮೇಜಿನ ಮೇಲೆ ನಾಲ್ಕು ಒದ್ದೆ ಹೆಜ್ಜೆಗಳು ಮೂಡಿದ್ದವು. ಡಾಕ್ಟರು ತಾಳ್ಮೆಯಿಂದ ಓದುತ್ತ ಬಂದು ಎರಡನೆಯ ಹಾಳೆಯ ನಡುವೆ ನಿಂತರು.

"'ಅಂಗಾಲಿಗೆ ಆಗಷ್ಟೇ ಹುರಿದ ಜೋಳದ ಅರಳಿನ ವಾಸನೆ'... ಇದು ನೀವು ಮೂಸಿ ನೋಡಿ ಬರೆದದ್ದಾ ಸಾರ್?"

ಮಲಗಿದ್ದಾಗ ಮಾತ್ರ ಎಂದು ನಾನು ಸಮಜಾಯಿಷಿ ಕೊಟ್ಟೆ. ಯಾರು ಮಲಗಿದ್ದಾಗ ಎಂದು ಅವರು ಕೇಳಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬೆಲ್ಲನನ್ನು ದಿಟ್ಟಿಸಿದರು. ಚುಕ್ಕೆಗಳು ಮೆಲ್ಲನೆ ಏರಿದವು. ಡಾಕ್ಟರು ಡ್ರಾಯರು ಎಳೆದು ಒಂದು ಬಿಸ್ಕತ್ತು ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ನೋಡದೆ, ಇನ್ನೊಂದು ಕೊಟ್ಟರು. ಕೊನೆಗೆ ಪೆನ್ನು ತೆಗೆದಾಗ ನಾನು ಮೇಜಿನ ಮೇಲೆ ಬಗ್ಗಿದೆ. 'ತಳಿ'ಯ ಮುಂದಿದ್ದ 'ಎನ್.ಡಿ.'ಯನ್ನು ಹಾಗೆಯೇ ಬಿಟ್ಟು, ಹೋದ ವರ್ಷ ಖಾಲಿ ಉಳಿದಿದ್ದ 'ಬಣ್ಣ ಮತ್ತು ಗುರುತು' ಎಂಬಲ್ಲಿ ದುಂಡಗೆ 'ಕಪ್ಪು' ಎಂದು ಬರೆದು, ಮುಂದಿನವರನ್ನು ಒಳಗೆ ಕರೆದರು.