ಬಿ ಎ ಟಿ ಬಾಯಿಪಾಠ ಆಯ್ತು, ಓದುವುದು ಯಾವಾಗ?

ಎಲ್‌ಕೆಜಿ, ಯುಕೆಜಿ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ಪೂರ್ತಿ ಓದಿ.

ನಮ್ಮ ಎದುರು ಮನೆಯ ಹುಡುಗಿ ಯುಕೆಜಿ. ಪುಸ್ತಕ ತೆರೆದರೆ "ಬಿ ಎ ಟಿ ಬ್ಯಾಟ್, ಸಿ ಎ ಟಿ ಕ್ಯಾಟ್" ಅಂತ ಪುಟಪೂರ್ತಿ ಪಟಪಟ ಹೇಳುತ್ತಾಳೆ. ಚಿತ್ರ ಇಲ್ಲದ ಹಾಳೆಯಲ್ಲಿ ಎಂ ಎ ಟಿ ಬರೆದು ತೋರಿಸಿದರೆ ಮಾತೇ ಇಲ್ಲ, ನಮ್ಮ ಮುಖ ನೋಡುತ್ತಾಳೆ. ಮಗು ಚುರುಕಾಗಿಯೇ ಇದೆ. ಅವಳಿಗೆ ಯಾರೂ ಓದು ಕಲಿಸಿಲ್ಲ, ಬಾಯಿಪಾಠ ಮಾಡಿಸಿದ್ದಾರೆ ಅಷ್ಟೇ. ಎಂ, ಎ, ಟಿ ಅನ್ನುವುದು ಅಕ್ಷರಗಳ ಹೆಸರು, ಅವನ್ನು ಎಷ್ಟು ಬೇಗ ಹೇಳಿದರೂ "ಎಮ್ಮೇಟಿ" ಆಗುತ್ತದೆಯೇ ಹೊರತು ಮ್ಯಾಟ್ ಆಗುವುದಿಲ್ಲ, ಅಲ್ವಾ?

ಸದ್ದು ಕೂಡಿಸಿ ಇಂಗ್ಲಿಷ್ ಓದಲು ಕಲಿಸುವ ವಿಧಾನಕ್ಕೆ ಫೋನಿಕ್ಸ್ ಅನ್ನುತ್ತಾರೆ. ಅದರಲ್ಲಿ ಮೊದಲು ಕಲಿಸುವುದು ಅಕ್ಷರದ ಹೆಸರಲ್ಲ, ಅದರ ಸದ್ದು. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ ಇದಕ್ಕೇ ಒಂದು ಪರೀಕ್ಷೆ ಇದೆ. 40 ಪದ ಓದಬೇಕು, ಅದರಲ್ಲಿ 20ಕ್ಕೆ ಅರ್ಥವೇ ಇಲ್ಲ, ಸುಮ್ನೆ ಕಟ್ಟಿದ ಪದಗಳು. ಅಲ್ಲಿ ಬಾಯಿಪಾಠ ನಡೆಯಲ್ಲ.

ನಮ್ಮಲ್ಲೂ ಈಗ ಎಷ್ಟೋ ಶಾಲೆಗಳ ಬೋರ್ಡಿನಲ್ಲಿ ಫೋನಿಕ್ಸ್ ಇದೆ. ಆದರೆ ಒಳಗೆ "ಬ, ಅ, ಟ" ಅಂತ ಹೇಳಿಕೊಡುತ್ತಾರೆ. ಕೂಡಿಸಿದರೆ "ಬಅಟ". ಮಗು ಎಲ್ಲಿಂದ ಬ್ಯಾಟ್ ತರಬೇಕು? ಬೇಕಾಗಿರುವುದು ಬರೀ ಬ್, ಆಮೇಲೆ ಆ್ಯ, ಆಮೇಲೆ ಟ್. ಕನ್ನಡ ಓದಿದ ನಮಗೆ ಇದು ಹೊಸದೇನೂ ಅಲ್ಲ. ಕ್ ಜೊತೆ ಅ ಸೇರಿದರೆ ಕ, ಇ ಸೇರಿದರೆ ಕಿ ಅಂತ ಕಾಗುಣಿತದಲ್ಲಿ ಮಾಡಿದ್ದು ಇದನ್ನೇ. ಕನ್ನಡದಲ್ಲಿ ಸದ್ದು ಕೂಡಿಸಲು ಬಂದ ಮಗುವಿಗೆ ಇಂಗ್ಲಿಷ್ ಓದು ಜಾಸ್ತಿ ಕಷ್ಟ ಕೊಡಲ್ಲ. ಹಾಗಾಗಿ ಫೋನಿಕ್ಸ್ ಕ್ಲಾಸಿಗೆ ಸೇರಿಸಬೇಕು ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ, ಕೈಮುಗಿದು ಕೇಳುತ್ತೇನೆ.

ಕಲಿಸುವ ಕ್ರಮ ನೋಡಿ. ಫೋನಿಕ್ಸ್‌ನಲ್ಲಿ ಎಷ್ಟೋ ಕಡೆ ಎಬಿಸಿಡಿ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್‌ನಿಂದ ಶುರು ಮಾಡುತ್ತಾರೆ, ಯಾಕಂದರೆ ಈ ಆರರಲ್ಲೇ ಪಿನ್, ಟ್ಯಾಪ್, ಟಿನ್, ಸಿಟ್ ಎಲ್ಲ ಬರುತ್ತದೆ. ನಮ್ಮ ಸರ್ಕಾರಿ ಶಾಲೆಯ ನಲಿಕಲಿಯಲ್ಲೂ ಅಆಇಈ ಬಿಟ್ಟು ರ ಗ ಸ ದ ಅ ಮೊದಲು ಬರುವುದು ಇದಕ್ಕೇ. ಸರ, ದರ, ಅರಸ, ಗರಗಸ. ಐದು ಅಕ್ಷರ ಬಂದ ಕೂಡಲೇ ಮಗು ಓದುತ್ತದೆ. ಈ ನಲಿಕಲಿ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ.

ಮನೆಯಲ್ಲಿ ಪುಸ್ತಕವೇ ಬೇಡ, ಮೊದಲು ಕಿವಿ ತಯಾರಾಗಲಿ. ಅಡುಗೆ ಮಾಡುತ್ತಾ "ಸೌಟು, ಸಕ್ಕರೆ, ಲೋಟ, ಇದರಲ್ಲಿ ಯಾವುದು ಬೇರೆ ಥರ ಶುರುವಾಗುತ್ತೆ ಪುಟ್ಟಾ?" ಅಂತ ಕೇಳಿ. ಆಮೇಲೆ "ಪ್... ಇ... ನ್, ಸೇರಿಸಿ ಹೇಳು" ಅನ್ನಿ. ದಿನಾ ಐದು ನಿಮಿಷ ಸಾಕು, ಬೈಯುವುದು ಬೇಡ. ದಿ, ವಾಸ್, ಸೆಡ್, ವನ್ ತರಹದ ಪದಗಳು ಈ ಲೆಕ್ಕಕ್ಕೆ ಸಿಗಲ್ಲ, ಅವನ್ನು ನೋಡಿ ನೋಡಿಯೇ ಕಲಿಯಬೇಕು.

ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಾರ್ಕ್ಸ್ ಕೇಳುವ ಮೊದಲು "ಮೇಡಂ, ಬಿ ಅಕ್ಷರದ ಸದ್ದು ಹೇಗೆ ಹೇಳಿಕೊಡುತ್ತೀರಿ?" ಅಂತ ಕೇಳಿ. ಅವರು "ಬ" ಅಂದರೆ ಅವರ ಮೇಲೆ ರೇಗಬೇಡಿ. ಪುಸ್ತಕ ಕೈಗೆ ಕೊಟ್ಟು ತರಬೇತಿ ಕೊಡದೆ ಕ್ಲಾಸಿಗೆ ಕಳಿಸಿದ್ದು ಆಡಳಿತ ಮಂಡಳಿ. ಫೋನಿಕ್ಸ್ ಹೆಸರಲ್ಲಿ ಫೀಸು ತಗೊಂಡ ಮೇಲೆ ಟೀಚರಿಗೆ ತರಬೇತಿ ಕೊಡಿಸಿ ಅಂತ ಅವರನ್ನೇ ಕೇಳಬೇಕು, ಒಬ್ಬೊಬ್ಬರೇ ಹೋಗದೆ ನಾಲ್ಕು ಜನ ಸೇರಿ ಕೇಳಿ.