"ಅವರಿಗೆ ಏನು ಬೇಕಂತೆ?"

ಎಡಗೈಗೆ ಬ್ಯಾಂಡೇಜ್ ಇದೆ, ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ಟೆಕ್ಸಾಸ್‌ನಲ್ಲಿ ಮನೆಗೊಂದು ಪಿಸ್ತೂಲು ಕೊಳ್ಳಬೇಕು ಅಂತ ಮೂರು ತಿಂಗಳು ಓದಿದ್ದೆ ನಾನು. ಮಗಳಿಗೆ ಸ್ಕೂಲ್ ಹುಡುಕುವಾಗಲೂ ಇಷ್ಟು ಓದಿರಲಿಲ್ಲ. ಬಂದೂಕಿನ ಅಂಗಡಿಯ ಆ ಗಡ್ಡದ ಮನುಷ್ಯ ಮೂರು ನಿಮಿಷದಲ್ಲಿ ಎಲ್ಲವನ್ನೂ ನೀರಿಗೆ ಹಾಕಿದ.

"ಅವರಿಗೆ ಏನು ಬೇಕಂತೆ?"

ಕೇಳಿದ್ದು ನನ್ನನ್ನಲ್ಲ. ನಮ್ಮನೆಯವರನ್ನು. ನಾನು ಕೌಂಟರಿಗೆ ಮೊಣಕೈ ಊರಿ ಅವನ ಎದುರಿಗೇ ನಿಂತಿದ್ದೇನೆ, ಕೈಯಲ್ಲಿ ಚೀಟಿ ಬೇರೆ ಇದೆ. ಇವರು ಎರಡು ಹೆಜ್ಜೆ ಹಿಂದೆ, ಗೋಡೆ ಮೇಲಿನ ಜಿಂಕೆ ತಲೆ ನೋಡುತ್ತ ಮುಖ ಹಿಂಡಿಕೊಂಡು ನಿಂತಿದ್ದರು. ಇವರಿಗೆ ಬಂದೂಕು ಅಂದರೆ ಆಗುವುದೇ ಇಲ್ಲ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಒಂದೇ ಒಂದು ಸಲ ಬಂದವರು, ಸದ್ದು ತಡೆಯಲು ಕಿವಿಗೆ ಹಾಕಿದ ಮಫ್ ಮೇಲೆ ಎರಡೂ ಕೈ ಒತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಅವರನ್ನು ಕೇಳಿದ ಪುಣ್ಯಾತ್ಮ, ನನಗೇನು ಬೇಕು ಅಂತ.

ಯಾಕೆ ಬೇಕಿತ್ತು ಅಂತ ಶುರು ಮಾಡಬೇಡಿ. ಹಿಂದಿನ ಬೀದಿಯಲ್ಲಿ ಆದದ್ದು ಗೊತ್ತಿರುವವರಿಗೆ ಗೊತ್ತು. ಇವರು ತಿಂಗಳಲ್ಲಿ ಎರಡು ವಾರ ಊರಲ್ಲಿರಲ್ಲ.

ಚೀಟಿಯಲ್ಲಿ ಎರಡೇ ಹೆಸರಿತ್ತು. ಗ್ಲಾಕ್ 19, ಇಲ್ಲದಿದ್ದರೆ ಸ್ಮಿತ್ ಅಂಡ್ ವೆಸ್ಸನ್‌ನ ಶೀಲ್ಡ್ ಈಝಿ. ಎರಡೂ 9 ಎಂಎಂ ಗುಂಡಿನ ಪಿಸ್ತೂಲು. ಸುಮ್ನೆ ಬರೆದದ್ದಲ್ಲ. ನಾಲ್ಕು ಶನಿವಾರ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಹೊಡೆದು ನೋಡಿದ್ದೆ. ಮೊದಲು .22 ಅನ್ನುವ ಸಣ್ಣ ಗುಂಡಿನದ್ದು, ಅದು ಹೊಡೆದಾಗ ಕೈಯನ್ನು ಹಿಂದಕ್ಕೆ ಒದೆಯುವುದೇ ಇಲ್ಲ, ಗುಂಡೂ ಅಗ್ಗ, ಕೈ ಕೂರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಆಮೇಲೆ 9 ಎಂಎಂ. ನಾಲ್ಕನೇ ಶನಿವಾರ ಏಳು ಗಜ ದೂರದ ಕಾಗದಕ್ಕೆ ಹತ್ತು ಹೊಡೆದರೆ ಎಂಟು ಒಂದು ಅಂಗೈಯಗಲದೊಳಗೆ ಬಿದ್ದಿದ್ದವು, ಆ ಕಾಗದ ಇನ್ನೂ ಫ್ರಿಜ್ ಮೇಲಿದೆ, ನಿನ್ನೆಯಿಂದ ಆ ಕಡೆ ನೋಡಿಲ್ಲ. ಅಷ್ಟರಲ್ಲಿ ನನಗೆ ಒಂದು ಅರ್ಥವಾಗಿತ್ತು. ಪಿಸ್ತೂಲು ಹಗುರವಾದಷ್ಟೂ ಒದೆತ ಜಾಸ್ತಿ. ಚಿಕ್ಕದಾದಷ್ಟೂ ಗುರಿ ಹಿಡಿಯುವ ಮುಂದಿನ ಗುರುತಿಗೂ ಹಿಂದಿನ ಗುರುತಿಗೂ ಅಂತರ ಕಡಿಮೆ, ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಎಲ್ಲೋ ಹೋಗುತ್ತದೆ. ಪುಟ್ಟ ಪಿಸ್ತೂಲು ಪಳಗಿದವರಿಗೆ, ಹೊಸಬರಿಗಲ್ಲ. ಹೊಸಬರು ಸ್ವಲ್ಪ ತೂಕದ್ದು, ಐದೂ ಬೆರಳು ಹಿಡಿಸುವಂಥದ್ದು ತಗೊಂಡರೆ ಕಾಗದಕ್ಕೂ ಆಯಿತು, ಮನೆಗೂ ಆಯಿತು.

ಇದನ್ನೆಲ್ಲ ಅವನಿಗೆ ಹೇಳಿದೆನಾ? ಇಲ್ಲ.

ಅವನು ಗಾಜಿನ ಕೆಳಗಿನಿಂದ ತೆಗೆದಿಟ್ಟದ್ದು ಒಂದು .380 ಗುಂಡಿನ ಪುಟ್ಟ ಪಿಸ್ತೂಲು. ಗುಲಾಬಿ ಹಿಡಿಕೆ. ಮುನ್ನೂರು ಗ್ರಾಂ ಕೂಡ ಇಲ್ಲ. ಹಿಡಿದರೆ ಎರಡು ಬೆರಳು ಹಿಡಿಕೆ ಮೇಲೆ, ಕಿರುಬೆರಳು ಗಾಳಿಯಲ್ಲಿ, ಪಿಂಗಾಣಿ ಕಪ್ಪಿನಲ್ಲಿ ಟೀ ಕುಡಿಯುವವರ ಹಾಗೆ. "ಪರ್ಸಿನಲ್ಲಿ ಹಿಡಿಸುತ್ತೆ" ಅಂದ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರಿನಿಂದ 21 ದಾಟಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ತಿರುಗಬಹುದಲ್ಲ, ಹಾಗಾಗಿ ಹೆಂಗಸು ಬಂದಳು ಅಂದರೆ ಪರ್ಸಿಗೇ ಅಂತ ಲೆಕ್ಕ. ನನಗೆ ಮನೆಗೆ ಬೇಕು ಅಂದೆ. ಅವನು ಇವರ ಕಡೆ ನೋಡಿ ನಕ್ಕ.

ಆಮೇಲೆ ಕೊಟ್ಟ ರೀತಿ! ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆಳೆದು, ಒಳಗೆ ಗುಂಡಿಲ್ಲ ಅಂತ ತೋರಿಸಿ ಕೊಡಬೇಕಲ್ವಾ? ಹಾಗೇ ಎತ್ತಿ ಕೊಟ್ಟ. ಮೂತಿ ನೇರ ನನ್ನ ಹೊಟ್ಟೆಗೆ. ತೀರ್ಥಹಳ್ಳಿ ಕಡೆ ನಮ್ಮಜ್ಜನ ಹತ್ತಿರ ಒಂಟಿ ನಳಿಗೆ ಕೋವಿ ಇತ್ತು, ತೋಟಕ್ಕೆ ಹಂದಿ ಬರುತ್ತಿತ್ತು ಅಂತ. ಎಲೆಕ್ಷನ್ ಬಂತು ಅಂದರೆ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು, ಪ್ರತಿಸಲ ಬೈಯುತ್ತ. ಖಾಲಿ ಕೋವಿಯ ಮೂತಿಯನ್ನು ಬೆಕ್ಕಿನ ಕಡೆ ತಿರುಗಿಸಿದ್ದಕ್ಕೆ ನನ್ನ ಬೆನ್ನಿಗೆ ಒಂದು ಏಟು ಬಿಟ್ಟಿದ್ದರು ಅಜ್ಜ. ಆಗ ನನಗೆ ಒಂಬತ್ತು ವರ್ಷ. ಈಗ ಮೂವತ್ತೆಂಟು. ಇವನು ನನ್ನ ಹೊಟ್ಟೆಗೇ ಹಿಡಿದ, ನಾನು "ಥ್ಯಾಂಕ್ಯೂ" ಅಂದೆ.

ಯಾರಾದರೂ ಹೇಳಿ. ನಿಜವಾಗಿ ಕೇಳುತ್ತಿದ್ದೇನೆ. ಯಾಕೆ ಥ್ಯಾಂಕ್ಯೂ ಅಂದೆ?

"ಸ್ಲೈಡ್ ಎಳೆದು ನೋಡಿ" ಅಂದ. ಗ್ಲಾಕಿನದ್ದನ್ನು ನೂರು ಸಲ ಎಳೆದಿದ್ದೇನೆ. ಶೀಲ್ಡ್ ಈಝಿಯದ್ದಂತೂ ಸಲೀಸಾಗಿ ಎಳೆಯಲಿ ಅಂತಲೇ ಮಾಡಿದ್ದು. ಈ ಪುಟ್ಟದ್ದರಲ್ಲಿ ಹಿಡಿಯಲು ಜಾಗವೇ ಇಲ್ಲ, ಸ್ಪ್ರಿಂಗ್ ಕಲ್ಲಿನ ಹಾಗೆ, ನನ್ನ ಕೈ ಬೆವೆತಿತ್ತು, ಹಿಂದೆ ಸಾಲಿನಲ್ಲಿ ನಾಲ್ಕೈದು ಜನ, ಅರ್ಧ ಬಂತು, ಜಾರಿತು, ಸ್ಲೈಡ್ ಸಟಕ್ಕಂತ ಮುಂದೆ ಹೋಗಿ ಅಂಗೈ ಚರ್ಮ ಕಚ್ಚಿ ಹಿಡಿಯಿತು. "ಅಮ್ಮಾ!" ಅಂತ ಕನ್ನಡದಲ್ಲೇ ಕೂಗಿದೆ. ಹಿಂದೆ ಒಬ್ಬ ಹುಡುಗ, ಮೀಸೆ ಇನ್ನೂ ಬಂದಿಲ್ಲ, ಕಿಸಕ್ಕಂತ ನಕ್ಕ. ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಆಗ ಇವರು, ಬಂದೂಕು ಕಂಡರೆ ಬೆಂಚು ಹುಡುಕುವ ಇವರು, ಮುಂದೆ ಬಂದು ಮೆಲ್ಲಗೆ, ತುಂಬಾ ಪ್ರೀತಿಯಿಂದ, "ಕೊಡು, ನಾನು ಎಳ್ದು ಕೊಡ್ತೀನಿ" ಅಂದರು.

ಎಳೆದರು. ಬಂತು. ಗಡ್ಡದವನು "ನೋಡಿ, ಸುಲಭ" ಅಂದ.

ಸರಿ, ಇಷ್ಟೇ ಆಗಿದ್ದರೆ ಈ ಪುರಾಣ ಬರೆಯುತ್ತಿರಲಿಲ್ಲ. ವಿಷಯ ಏನೆಂದರೆ, ನಾನು ಅದನ್ನೇ ಕೊಂಡೆ. ಹೌದು. ಗುಲಾಬಿದೇ. ಚಿಕ್ಕಪೇಟೆಯಲ್ಲಿ ಐವತ್ತು ಸೀರೆ ಬಿಚ್ಚಿಸಿ, ಅವರು ತಂದುಕೊಟ್ಟ ಕಾಫಿಯನ್ನೂ ಕುಡಿದು, "ಯಾಕೋ ಮನಸ್ಸಿಗೆ ಬರ್ತಿಲ್ಲ" ಅಂತ ಎದ್ದು ಬಂದ ಹೆಂಗಸು ನಾನು. ಒಂದು ದಿನವೂ ನಾಚಿಕೆ ಆಗಿಲ್ಲ. ಇಲ್ಲಿ ಒಂದೇ ಒಂದು ತೋರಿಸಿದ್ದಕ್ಕೆ ಕಾರ್ಡು ಕೊಟ್ಟೆ, ಯಾಕೆಂದರೆ ಆ ಜಾಗದಿಂದ ಬೇಗ ಹೊರಗೆ ಹೋಗಬೇಕಿತ್ತು. ಬೇಗ ಹೋಗಲಿಕ್ಕಾದರೂ ಎಲ್ಲಿ ಬಿಟ್ಟರು? ಬಂದೂಕು ಕೊಳ್ಳುವವರು ತುಂಬಬೇಕಾದ 4473 ಅಂತ ಒಂದು ಫಾರಂ ಇದೆ. ಎತ್ತರ, ತೂಕ, ಹುಟ್ಟಿದ ಊರು, ಯಾವ ದೇಶದ ಪ್ರಜೆ, ಗ್ರೀನ್ ಕಾರ್ಡ್ ನಂಬರು. ಒಂಬತ್ತು ವರ್ಷ ಎಚ್-1ಬಿ ಕೆಲಸದ ವೀಸಾದಲ್ಲಿದ್ದಾಗ ಕೊಳ್ಳುವ ಹಾಗೇ ಇರಲಿಲ್ಲ, ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ಆಗುತ್ತಿತ್ತು, ಮೊಟ್ಟೆಯನ್ನೂ ತಿನ್ನದವಳು ನಾನು. ಗ್ರೀನ್ ಕಾರ್ಡ್ ಬರಲಿ ಅಂತ ಕಾದು ಕಾದು ಕೊನೆಗೆ ತಂದದ್ದು ಇದು. ತೂಕ ನಿಜವನ್ನೇ ಬರೆದೆ, ಇನ್ನೇನು ಮಾನ ಉಳಿದಿತ್ತು. ಅದರಲ್ಲೊಂದು ಪ್ರಶ್ನೆ: ಈ ಬಂದೂಕನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಬೇರೆಯವರ ಪರವಾಗಿ ಕೊಳ್ಳುವವರನ್ನು ಹಿಡಿಯಲು ಇಟ್ಟದ್ದು, ಸುಳ್ಳು ಹೇಳಿದರೆ ಜೈಲು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಹೌದು ಅಂತ ಗುರುತು ಹಾಕಿದೆ.

ಆಮೇಲೆ ಕೊಳ್ಳುವವರ ಹಿನ್ನೆಲೆ ನೋಡುವ ಎಫ್‌ಬಿಐ ತಪಾಸಣೆ. ಎಷ್ಟೋ ಜನಕ್ಕೆ "ತಡ" ಅಂತ ಬಂದು ಮೂರು ಕೆಲಸದ ದಿನ ಕಾಯಬೇಕಾಗುತ್ತದೆ. ತಡ ಅಂತ ಬರಲಿ ಅಂತ ದೇವರಿಗೆ ಹರಕೆ ಹೊತ್ತಿದ್ದು ಬಹುಶಃ ನಾನೊಬ್ಬಳೇ, ಮೂರು ದಿನದಲ್ಲಿ ಬುದ್ಧಿ ಬರುತ್ತಿತ್ತು. ಹತ್ತು ನಿಮಿಷಕ್ಕೆ ಪಾಸು. ಬಾಗಿಲ ಹತ್ತಿರ ಬೋರ್ಡು: ಮಾರಿದ ಬಂದೂಕು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಫೋನ್ ಮಾಡಿದೆ. ಸೆಕೆಂಡ್ ಹ್ಯಾಂಡ್ ಲೆಕ್ಕದಲ್ಲಿ ಅರ್ಧ ಬೆಲೆಗೆ ತಗೋತಾರಂತೆ. ಪೆಟ್ಟಿಗೆಯಿಂದ ಹೊರಗೂ ತೆಗೆದಿಲ್ಲ ಕಣಯ್ಯಾ!

ಇರಲಿ ಬಿಡಿ. ಅದೂ ಒಂದು ಪಿಸ್ತೂಲೇ, ರೇಂಜಿಗೆ ಒಯ್ದು ಕೈ ಕೂರಿಸಿಕೊಂಡರೆ ಆಯಿತು ಅಂತ ರಾತ್ರಿ ಸಮಾಧಾನ ಮಾಡಿಕೊಂಡೆ. ಎರಡು ಗಂಟೆಗೆ ಎಚ್ಚರವಾಯಿತು. ಏನು ಸಮಾಧಾನ? ಇಲ್ಲಿನ ಗೋಡೆ ಅಂದರೆ ಜಿಪ್ಸಮ್ ಹಲಗೆ, ಗುರಿ ತಪ್ಪಿದ ಗುಂಡು ನೇರ ಆ ಕಡೆ ಹೋಗುತ್ತದೆ, ಆ ಕಡೆ ಮಗಳ ರೂಮು. ಗುರಿ ತಪ್ಪಬಾರದು ಅಂತಲೇ ಅಲ್ವಾ ಇಷ್ಟೆಲ್ಲ ಓದಿದ್ದು. ಅದು ಈಗ ಕಪಾಟಿನ ಮೇಲೆ ಬೀಗದ ಪೆಟ್ಟಿಗೆಯಲ್ಲಿದೆ, ಗುಂಡು ಬೇರೆ ಕಡೆ ಇದೆ. ಮುಂದಿನ ಶನಿವಾರ ಒಬ್ಬಳೇ ಹೋಗಿ ಗ್ಲಾಕ್ ತರುತ್ತೇನೆ. ಅಥವಾ ಬೇಸ್‌ಬಾಲ್ ಬ್ಯಾಟು ತರುತ್ತೇನೆ. ಗೊತ್ತಿಲ್ಲ.

ಈಗಷ್ಟೇ ಊರಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ದಳು. ಬ್ಯಾಂಡೇಜ್ ಕಣ್ಣಿಗೆ ಬಿತ್ತು. ಏನೇ ಅದು ಅಂದಳು. ತೆಂಗಿನಕಾಯಿ ಒಡೆಯುವಾಗ ತಾಗಿತು ಅಂದೆ.

"ನಿನಗ್ಯಾಕೆ ಬೇಕಿತ್ತು ಅದೆಲ್ಲ. ಅವರ ಕೈಲಿ ಕೊಟ್ಟಿದ್ರೆ ಒಡ್ದು ಕೊಡ್ತಿರ್ಲಿಲ್ವಾ?"